ಹಸಿರು ದಾರ ಕಟ್ಟಿದ ಮ್ಯಾಗಝೀನು

ಗಜೇಂದ್ರಗಡದ ಗುಡ್ಡದ ಹಿಂದೆ ಒಂದು ಒಣಹಳ್ಳವಿದೆ. ಅಲ್ಲಿ ಊರಿನ ನೇಕಾರ ಗವಿಸಿದ್ದಪ್ಪ ಕಂಬಳಿ ಹಾಸಿ, ಅದರ ಮೇಲೆ ಮ್ಯಾಗಝೀನುಗಳನ್ನು ಸಾಲಾಗಿ ಜೋಡಿಸಿದ. ಮರುದಿನ ನರಗುಂದದಲ್ಲಿ ಗುರಿ ಹೊಡೆಯುವ ಪಂದ್ಯ. ಕರ್ನಾಟಕ ಒಂದಾದ ಮರುವರ್ಷವಾದ್ದರಿಂದ ಯಾರು ಏನು ನಡೆಸಿದರೂ ಅದಕ್ಕೆ ಹೊಸ ರಾಜ್ಯದ ಹೆಸರು ಹಚ್ಚುತ್ತಿದ್ದರು. ಈ ಪಂದ್ಯಕ್ಕೂ ಹಚ್ಚಿದ್ದರು. ಗೆದ್ದವರಿಗೆ ಬೆಳ್ಳಿಯ ಕಪ್ಪು.

ರೋಣದ ರೈಫಲ್ ಕ್ಲಬ್ಬಿನ ಬಂದೂಕುಗಳನ್ನು ಕಾಯುವವನು ತೋಟಪ್ಪ. ಪೊಲೀಸ್ ಖಾತೆಯಲ್ಲಿ ಜಮಾದಾರನಾಗಿ ನಿವೃತ್ತನಾದವನು, ಮೀಸೆ ಮಾತ್ರ ಇನ್ನೂ ನೌಕರಿಯಲ್ಲಿದ್ದಂತೆ ಇಟ್ಟುಕೊಂಡಿದ್ದ. ಬೆಳಗಿನ ಬಸ್ಸಿಗೆ ರೈಫಲ್ಲು ಹೊತ್ತು ಬಂದು, ಈಗ ಬಂಡೆಯ ನೆರಳಿನಲ್ಲಿ ಕುಳಿತು ತಂಬಾಕು ತಿಕ್ಕುತ್ತಿದ್ದ.

"ರೈಫಲ್ಲಿನ ಚಿಂತಿ ಬಿಡು. ಅದು ಹೊಡೀತೈತಿ. ನಾಳೆ ನಿನ್ನ ಮಾನ ಇರೂದು ಈ ತಗಡಿನ ಡಬ್ಬ್ಯಾಗ," ಎಂದ.

ಮಾತು ನಿಜ. ಮ್ಯಾಗಝೀನೆಂದರೆ ಅಂಗೈಯಲ್ಲಿ ಅಡಗುವಷ್ಟು ತಗಡಿನ ಡಬ್ಬಿ. ಅದರೊಳಗೆ ಐದು ಕಾಡತೂಸು, ಅವುಗಳ ಕೆಳಗೆ ಒಂದು ಸ್ಪ್ರಿಂಗು. ರೈಫಲ್ಲಿನ ಬೋಲ್ಟಿನ ಹಿಡಿ ಎಳೆದು ದೂಡಿದಾಗಲೆಲ್ಲ ಸ್ಪ್ರಿಂಗು ಒಂದು ಕಾಡತೂಸನ್ನು ಮೇಲೆತ್ತಿ ಕೊಡಬೇಕು. ನಿಧಾನದ ಸುತ್ತಿನಲ್ಲಿ ಅದು ತಡಮಾಡಿದರೆ ನಡೆದೀತು. ಆದರೆ ಕೊನೆಯ ಸುತ್ತಿನಲ್ಲಿ ಒಂದೇ ನಿಮಿಷದೊಳಗೆ ಎರಡು ಮ್ಯಾಗಝೀನು ಖಾಲಿ ಮಾಡಬೇಕು. ಅಲ್ಲಿ ಒಂದು ಕಾಡತೂಸು ಮೊಂಡು ಹಿಡಿದು ನಿಂತರೂ ಎಲ್ಲ ಮುಗಿದಂತೆ.

ಗವಿಸಿದ್ದಪ್ಪ ಒಂದೊಂದನ್ನೇ ತುಂಬಿ, ಹಾಕಿ, ಹಳ್ಳದ ದಂಡೆಗೆ ಒರಗಿಸಿದ ಹಲಗೆಗೆ ಹೊಡೆದ. ಗುರಿಯ ಕಡೆ ಅವನ ಲಕ್ಷ್ಯವೇ ಇರಲಿಲ್ಲ. ಕಿವಿಯೆಲ್ಲ ಬೋಲ್ಟಿನ ಸಪ್ಪಳದ ಮೇಲೆ. ಮೊದಲನೆಯದರಲ್ಲಿ ಎರಡನೇ ಕಾಡತೂಸೇ ಸಿಕ್ಕಿಬಿತ್ತು.

ತೋಟಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಿದ. "ಇದರ ಬಾಯಿ ಅಗಲಾಗೈತಿ. ನೋಡಿಲ್ಲಿ, ಕಾಡತೂಸು ಮೂಗು ಕೆಳಗ ಮಾಡಿ ನಿಂತೈತಿ, ಅತ್ತಿ ಕಡಿಂದ ಬೈಸಿಕೊಂಡ ಸೊಸಿಹಂಗ."

"ಅದನ್ನ ಆಚಿಗೆ ಇಡ್ರಿ ಕಾಕಾ."

ಇನ್ನೊಂದರಲ್ಲಿ ಎರೆಮಣ್ಣಿನ ಧೂಳು ಕೂತಿತ್ತು. ಒರೆಸಿದ ಮೇಲೆ ಚಲೋ ನಡೆಯಿತು. ಮತ್ತೊಂದು ರೈಫಲ್ಲಿನಲ್ಲಿ ಬಿಗಿಯಾಗಿ ಕೂಡದೆ ಅಲುಗಾಡುತ್ತಿತ್ತು. ಬಿಸಿಲು ತಲೆಯ ಮೇಲೆ ಬರುವ ಹೊತ್ತಿಗೆ ನಂಬಬಹುದಾದವು ಎರಡು ಸಿಕ್ಕವು. ಎಷ್ಟು ಸಲ ಹೊಡೆದರೂ ಒಂದೇ ತಾಳ, ಒಳ್ಳೆಯ ಕೈಯಲ್ಲಿ ಲಾಳಿ ಓಡಿದಂತೆ. ತೋಟಪ್ಪ ಅವೆರಡನ್ನೂ ಅರಿವೆಯಲ್ಲಿ ಸುತ್ತಿದ.

"ಮುಗೀತು. ನಡಿ, ರೊಟ್ಟಿ ತಿನ್ನೂಣು."

"ಇನ್ನೂ ಒಂದೈತಿ," ಎಂದು ಗವಿಸಿದ್ದಪ್ಪ ಅಂಗಿಯ ಕಿಸೆಯಿಂದ ಒಂದು ಮ್ಯಾಗಝೀನು ತೆಗೆದ. ಅದರ ಬುಡಕ್ಕೆ ಹಸಿರು ರೇಷ್ಮೆಯ ದಾರ ಸುತ್ತಿತ್ತು.

ಆ ದಾರ ಕಟ್ಟಿದವಳು ಅವನ ಹೆಂಡತಿ ಅನ್ನವ್ವ. ರೋಣದಲ್ಲಿ ಅವನು ಮೊದಲ ಸಲ ಗೆದ್ದಾಗ ಕ್ಲಬ್ಬಿನ ಅಧ್ಯಕ್ಷರಾದ ವಕೀಲರು ಮೆಚ್ಚಿ, ಗೆಲ್ಲಿಸಿದ ಮ್ಯಾಗಝೀನನ್ನು ಅವನಿಗೇ ಕೊಟ್ಟಿದ್ದರು. ಅನ್ನವ್ವ ಮಗ್ಗದ ಕುಣಿಯಲ್ಲಿ ಕೂತೇ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೀರೆಯ ದಡಿಗೆ ಹಾಕಿ ಉಳಿದಿದ್ದ ದಾರವನ್ನು ಸುತ್ತಿದ್ದಳು. "ಖಾಲಿ ಇಡಬ್ಯಾಡ್ರಿ ಮತ್ತ," ಎಂದೂ ಹೇಳಿದ್ದಳು. ಅವರ ಮನೆಯಲ್ಲಿ ಸಂಜೆ ಮಗ್ಗ ನಿಲ್ಲಿಸುವಾಗ ಲಾಳಿಯನ್ನು ಖಾಲಿ ಬಿಡುವ ರೂಢಿಯಿರಲಿಲ್ಲ. ನೂಲು ತುಂಬಿದ ಕಂಡಿಕೆ ಹಾಕಿಯೇ ಏಳಬೇಕು. ಗವಿಸಿದ್ದಪ್ಪನಿಗೂ ಅದು ಸರಿಯೆನಿಸಿ, ಹೊಸಬರಿಗೆ ಕಲಿಸಲು ಕೆತ್ತಿದ ಕಟ್ಟಿಗೆಯ ಗುಂಡುಗಳನ್ನು ಅದರಲ್ಲಿ ಬಿಗಿಯಾಗಿ ತುಂಬಿ, ಗೋಡೆಯ ಮಾಡದಲ್ಲಿಟ್ಟ.

ಅದಾದ ಕೆಲವು ತಿಂಗಳಿಗೆ ಕೂಸು ಹುಟ್ಟಿತು. ಅಳಲಿಲ್ಲ, ಕಣ್ಣು ತೆರೆಯಲಿಲ್ಲ. ಬಾಣಂತನಕ್ಕೆಂದು ಬಂದಿದ್ದ ಅತ್ತೆ, ಮಗಳನ್ನು ತಮ್ಮೂರು ಸವಡಿಗೆ ಕರೆದುಕೊಂಡು ಹೋದಳು. ಅನ್ನವ್ವ ತಿರುಗಿ ಬರಲಿಲ್ಲ. ಅವನು ಒಂದೇ ಒಂದು ಸಲ ಸವಡಿಗೆ ಹೋಗಿದ್ದ. ಮಾವ ಹುಚ್ಚಪ್ಪನ ಸಂಗಡ ಕಟ್ಟೆಯ ಮೇಲೆ ಕೂತು ನೂಲಿನ ಧಾರಣೆ, ಜೋಳದ ಬೆಳೆ ಎಂದು ಮಾತಾಡಿ, ಚಹಾ ಕುಡಿದು ಎದ್ದು ಬಂದಿದ್ದ. ಒಳಗೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ಅನ್ನವ್ವನದೇ ಎಂದು ಗೊತ್ತಿತ್ತು. ಬಂದದ್ದು ಯಾಕೆಂದು ಮಾತ್ರ ಅವನ ಬಾಯಿಂದ ಬರಲಿಲ್ಲ. ಹಿಂದೆ ಸೈನ್ಯದ ಪಲ್ಟನ್ನಿನಲ್ಲಿದ್ದಾಗಲೂ ಅವನು ಹಾಗೆಯೇ. ಜೊತೆಯವರು ಅವನನ್ನು ಮೂಕನೆಂದೇ ಕರೆಯುತ್ತಿದ್ದರು.

ಆಮೇಲೆ ಆ ಮನೆಗೆ ಬರಿಗೈಲಿ ಹೋಗಲು ಕಾಲು ಏಳಲಿಲ್ಲ. ನರಗುಂದದ ಕಪ್ಪು ಸಿಕ್ಕರೆ ಅದನ್ನು ಹಿಡಿದುಕೊಂಡು ಹೋಗಬಹುದು. ಕಪ್ಪು ನೋಡಲು ಓಣಿಯವರು ಸೇರುತ್ತಾರೆ, ಮಾತು ತಾನಾಗಿಯೇ ಹುಟ್ಟುತ್ತದೆ, ಆ ಗದ್ದಲದಲ್ಲಿ ತನ್ನದೊಂದು ಮಾತು ಸೇರಿಹೋಗುತ್ತದೆ. ನಾಲ್ಕಾರು ತಿಂಗಳಿಂದ ಮಗ್ಗದಲ್ಲಿ ಕೂತಾಗಲೆಲ್ಲ ಅವನು ನೇಯುತ್ತಿದ್ದದ್ದು ಇದನ್ನೇ.

ತೋಟಪ್ಪ ದಾರ ಕಟ್ಟಿದ ಮ್ಯಾಗಝೀನನ್ನು ತಾನೇ ತುಂಬಿ ಹೊಡೆದ. ನಾಲ್ಕು ಸರಾಗ ಬಂದವು. ಐದನೆಯದು ಬಂತು, ಮನಸ್ಸಿಲ್ಲದೆ ಬಂದಂತೆ ಬಂತು.

"ಇದನ್ನ ಎಲ್ಲಿಟ್ಟಿದ್ದಿ?"

"ಮನ್ಯಾಗ, ಮಾಡದಾಗ."

"ಖಾಲಿ?"

"ತುಂಬಿ."

"ಎರಡು ವರ್ಷ? ಲೇ, ಎರಡು ವರ್ಷ ಗಂಟು ಹೊರಿಸಿ ನಿಲ್ಲಿಸಿದರ ನಿನ್ನ ಬೆನ್ನರ ಸೆಟೀತೈತೇನು? ಇದರ ಸ್ಪ್ರಿಂಗು ಮೊದಲ ಹಳೇದು. ಎತ್ತೂದ ಮರತೈತಿ. ಮನ್ಯಾಗ ಪೂಜಿ ಮಾಡು, ನರಗುಂದಕ್ಕ ತರಬ್ಯಾಡ."

ಗವಿಸಿದ್ದಪ್ಪ ತಲೆಯಾಡಿಸಿ ಅದನ್ನು ಕಿಸೆಗೆ ಹಾಕಿಕೊಂಡ.

ನರಗುಂದದ ಗುಡ್ಡವನ್ನೇ ಗುಂಡು ತಡೆಯುವ ಗೋಡೆ ಮಾಡಿಕೊಂಡು, ಅದರ ಬುಡದಲ್ಲಿ ಗುರಿಯ ಹಲಗೆಗಳನ್ನು ನಿಲ್ಲಿಸಿದ್ದರು. ಶಾಮಿಯಾನದ ಕೆಳಗೆ ಮೇಜು, ಮೇಜಿನ ಮೇಲೆ ಕಪ್ಪು. ನೋಡಲು ಬಂದವರು ಬೇಲಿಯ ಆಚೆ ಶೇಂಗಾ ಸುಲಿಯುತ್ತ ಕೂತಿದ್ದರು. ನಿಧಾನದ ಸುತ್ತುಗಳಲ್ಲಿ ಗವಿಸಿದ್ದಪ್ಪನ ಗುಂಡುಗಳು ಬೇಕೆಂದಲ್ಲಿ ಹೋಗಿ ಕೂತವು. ಅವನಿಗಿಂತ ಮುಂದೆ ಇದ್ದವನು ಧಾರವಾಡದಿಂದ ಬಂದ ಒಬ್ಬ ಮಾತ್ರ.

"ಆತ ಅವಸರದ ಮನಿಶಾ," ಎಂದ ತೋಟಪ್ಪ. "ಕೊನೀ ಸುತ್ತಿನ್ಯಾಗ ನಿನ್ನ ಕೈಗೆ ಸಿಗತಾನ. ಆ ಎರಡೂ ಡಬ್ಬಿ ಬಲಗಡೆ ಇಟ್ಟುಕೋ. ಉಸರು ಹಿಡೀಬ್ಯಾಡ."

ಗವಿಸಿದ್ದಪ್ಪ ಕಂಬಳಿಯ ಮೇಲೆ ಬೋರಲು ಮಲಗಿದ. ಎಲ್ಲ ಸರಿಯಿತ್ತು. ಆದರೂ ಆ ಎರಡು ಡಬ್ಬಿಗಳಲ್ಲಿ ತನ್ನದೆಂಬುದು ಏನೂ ಇಲ್ಲವೆನಿಸಿತು. ಅವುಗಳಿಂದ ಗೆದ್ದರೆ ಗೆದ್ದವನು ಯಾರೋ. ದಾರ ಕಟ್ಟಿದ್ದರಿಂದ ಗೆದ್ದರೆ, ಸವಡಿಯ ಹೊಸ್ತಿಲಲ್ಲಿ ಅದನ್ನು ತೋರಿಸಿದರೆ ಸಾಕು, ಮಾತೇ ಬೇಕಾಗಲಿಕ್ಕಿಲ್ಲ. ನಿನ್ನೆ ಐದನೆಯದು ತಡವಾಗಿಯಾದರೂ ಬಂದಿತ್ತಲ್ಲ. ತೋಟಪ್ಪ ಬೇಲಿಯ ಕಡೆ ತಿರುಗಿದಾಗ, ಅವನು ಎರಡರಲ್ಲಿ ಒಂದನ್ನು ಕಿಸೆಗಿಟ್ಟು, ಹಸಿರು ದಾರದ್ದನ್ನು ತುಂಬಿ ಆ ಜಾಗದಲ್ಲಿಟ್ಟ.

ಸೀಟಿ ಊದಿತು. ಮೊದಲ ಮ್ಯಾಗಝೀನು ನೀರು ಹರಿದಂತೆ ಮುಗಿಯಿತು. ತೆಗೆದು, ದಾರದ್ದನ್ನು ಸಿಕ್ಕಿಸಿದ. ಬೆರಳಿಗೆ ರೇಷ್ಮೆ ತಾಗಿತು. ನಾಲ್ಕು ಗುಂಡು ಹೋದವು. ಮತ್ತೆ ಬೋಲ್ಟು ಎಳೆದು ದೂಡಿದ. ಕೈಗೆ ಹಗುರವೆನಿಸಿತು. ಬಂದೂಕಿನ ಕುದುರೆ ಒತ್ತಿದ. ಬರೀ ಟಕ್ ಎಂದಿತು. ಇನ್ನೊಮ್ಮೆ ಎಳೆದ, ದೂಡಿದ. ಕಾಡತೂಸು ತಳದಲ್ಲಿಯೇ ಮಲಗಿತ್ತು. ಬೆರಳಿನಿಂದ ಎಬ್ಬಿಸಲು ಹೋಗುವಷ್ಟರಲ್ಲಿ ಸೀಟಿ ಮತ್ತೆ ಊದಿತು.

ಅವನಿಗೆ ನಾಲ್ಕನೇ ಸ್ಥಾನ ಬಂತು. ಧಾರವಾಡದವನಿಗೂ ಕಪ್ಪು ಬರಲಿಲ್ಲ, ಬಾಗಲಕೋಟೆಯ ಯಾರೋ ಒಬ್ಬ ಒಯ್ದ.

ತಿರುಗಿ ಬರುವ ಬಸ್ಸಿನಲ್ಲಿ ತೋಟಪ್ಪ ಕೈ ಚಾಚಿದ. ಗವಿಸಿದ್ದಪ್ಪ ಮ್ಯಾಗಝೀನನ್ನು ಆ ಕೈಯಲ್ಲಿಟ್ಟ.

"ಬೈಯ್ರಿ ಕಾಕಾ."

"ಬೈದರ ಇದು ಏಳತೈತೇನು?" ತೋಟಪ್ಪ ದಾರವನ್ನು ಉಗುರಿನಿಂದ ಮೀಟಿ ನೋಡಿದ. "ದಾರ ಬಿಚ್ಚಿ ಚಲೋದಕ್ಕ ಕಟ್ಟಿಕೊಂಡಿದ್ದರ ಆಗತಿದ್ದಿಲ್ಲೇನೋ ಹುಚ್ಚಾ?"

ಇಷ್ಟು ದಿನದಲ್ಲಿ ಒಂದು ಸಲವೂ ಅದು ಗವಿಸಿದ್ದಪ್ಪನ ಮನಸ್ಸಿಗೆ ಬಂದಿರಲಿಲ್ಲ. ಅವಳು ಕಟ್ಟಿದ್ದು ಕಟ್ಟಿದಲ್ಲಿಯೇ, ಇಟ್ಟಿದ್ದು ಇಟ್ಟಲ್ಲಿಯೇ ಇರಬೇಕೆಂದು ಕಾಯುತ್ತ ಕೂತಿದ್ದ. ಹಾಗೆ ಕಾಯುವುದೇ ಕರೆಯುವುದೆಂದು ತಿಳಿದಿದ್ದ.

ಸವಡಿಯ ದಾರಿ ಕೂಡುವಲ್ಲಿ ಯಾರೋ ಇಳಿಯುವವರಿದ್ದರು. ಬಸ್ಸು ನಿಂತಿತು. ಗವಿಸಿದ್ದಪ್ಪನೂ ಎದ್ದ.

"ಇದು ರೋಣಲ್ಲಪಾ, ಬಸ್ಸು ಬದಲಿಸೂದು ಅಲ್ಲಿ," ಎಂದ ತೋಟಪ್ಪ. ಆಮೇಲೆ ಅವನ ಮುಖ ನೋಡಿ, ಕಾಲು ಮಡಚಿ ದಾರಿ ಬಿಟ್ಟ.

ಹುಚ್ಚಪ್ಪ ಮನೆಯಲ್ಲಿರಲಿಲ್ಲ. ಅತ್ತೆ ಮಾಳವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. "ಬರ್ರಿ, ಕಾಲಿಗೆ ನೀರ ತುಗೊಳ್ರಿ," ಎಂದು ತಂಬಿಗೆ ಇಟ್ಟು, ಒಳಗೆ ಮುಖ ಮಾಡಿ, "ನಿನ್ನ ಕಡ್ಯಾವರು ಬಂದಾರ ನೋಡವ್ವಾ," ಎಂದು ಹೇಳಿ, ಮೊರ ಎತ್ತಿಕೊಂಡು ನೆರೆಮನೆಗೆ ಹೋದಳು.

ಅನ್ನವ್ವ ಮಗ್ಗದ ಕುಣಿಯಲ್ಲಿದ್ದಳು. ಲಾಳಿ ನಿಲ್ಲಿಸಲಿಲ್ಲ.

"ಪಂದ್ಯ ಇತ್ತಂತ."

"ಇತ್ತು."

"ಗೆದ್ರೇನು?"

"ಇಲ್ಲ."

"ಮತ್ತ ಯಾಕ ಬಂದ್ರಿ? ಅಪ್ಪ ಮನ್ಯಾಗಿಲ್ಲ. ನೂಲಿನ ಧಾರಣಿ ಕೇಳಾಕ ಯಾರೂ ಇಲ್ಲ."

ಗವಿಸಿದ್ದಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. "ನಿನ್ನ ಕರಿಯಾಕ ಬಂದೇನಿ."

ಲಾಳಿ ನಿಂತಿತು. ಅನ್ನವ್ವ ತಲೆ ಎತ್ತದೆ, ನೇಯ್ದ ಬಟ್ಟೆಯ ಮೇಲೆ ಅಂಗೈ ಸವರಿದಳು.

"ಕೂಸನ್ನ ಮಣ್ಣಿಗಿಟ್ಟ ಮರುದಿನ, ಆಗ ಮನ್ಯಾಗ ತಂದಿಟ್ಟಿದ್ದ ಕ್ಲಬ್ಬಿನ ಬಂದೂಕು ಹೊತಗೊಂಡು ಹಳ್ಳಕ್ಕ ಹೋದ್ರಿ. ನಾ ಒಳಗ ಗ್ವಾಡಿ ಕಡೆ ಮುಖ ಮಾಡಿ ಮಕ್ಕೊಂಡಿದ್ದೆ. ಒಂದ ಮಾತು ಆಡಲಿಲ್ಲ ನೀವು. ಗುರಿ ಹೊಡಿಯಾಕ ಮನಸ್ಸರ ಹ್ಯಾಂಗ ಬಂತು ಅಂತ ಇವತ್ತಿಗೂ ಕೇಳಿಕೋತೇನಿ."

"ಹೊಡಿಲಿಲ್ಲ."

"ಏನು?"

"ಆವತ್ತು ಒಂದೂ ಹೊಡಿಲಿಲ್ಲ. ಚೀಲ ಬಿಚ್ಚಲೇ ಇಲ್ಲ. ಮನ್ಯಾಗ ಅಳಾಕ ಬರಲಿಲ್ಲ, ಅಲ್ಲಿ ಹೋಗಿ ಕುಂತಿದ್ದೆ. ಹೊತ್ತು ಮುಳುಗುತನಕ."

ಅನ್ನವ್ವ ಈಗ ಅವನ ಕಡೆ ನೋಡಿದಳು. ನೋಡಿ ನೋಡಿ, "ಇಷ್ಟು ಹೇಳಾಕ ಎರಡ ವರ್ಷ ಬೇಕಾತೇನ್ರಿ ನಿಮಗ," ಎಂದಳು. ಸಿಟ್ಟಿತ್ತು. ಸಿಟ್ಟಿನ ಕೆಳಗೆ ಬೇರೇನೋ ಅಲುಗಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಅವನು ನಿಂತೇ ಇದ್ದ.

"ಈಗ ಬರೂದಿಲ್ಲ," ಎಂದಳು ಅನ್ನವ್ವ. "ಮಗ್ಗಕ್ಕ ಹಾಸು ಹಾಕಿ ಕುಂತೇನಿ. ನಡುವ ಬಿಟ್ಟು ಬಂದರ ಅಪ್ಪನ ಕೈಲೆ ಆಗೂದಿಲ್ಲ. ಇದು ಮುಗೀಲಿ."

ನೇಕಾರನಿಗೆ ಇದಕ್ಕೆ ಎದುರು ಹೇಳಲು ಬರುವುದಿಲ್ಲ. ಗವಿಸಿದ್ದಪ್ಪನ ಕಣ್ಣು ತಾನಾಗಿಯೇ ಮಗ್ಗದ ಆ ತುದಿಗೆ, ಹಾಸಿನ ಉದ್ದನೂಲು ಸುತ್ತಿಟ್ಟ ಕಡೆಗೆ ಹೋಯಿತು. ಸುತ್ತು ದಪ್ಪವಿತ್ತು. ಈಗಷ್ಟೇ ಹೂಡಿದ್ದಿರಬೇಕು. ಎಷ್ಟು ಸೀರೆ, ಅವಳ ಕೈಗೆ ಎಷ್ಟು ದಿನ ಎಂದು ಲೆಕ್ಕ ಹಾಕಲು ಹೋಗಿ, ಹಾಕದೆ ಬಿಟ್ಟ.

"ನಡುನಡುವ ಬಂದು ಹೋದರ ನಡೀತೈತೇನು?" ಎಂದು ಕೇಳಿದ.

ಅನ್ನವ್ವ ಲಾಳಿ ಎತ್ತಿಕೊಂಡಳು. "ಬಸ್ಸು ದಿನಾ ಹಾಯತೈತಲ್ಲ," ಎಂದಳು.

ಅವನು ಹೊಸ್ತಿಲ ಮೇಲೆ ಕುಳಿತುಕೊಂಡ. ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು.