ಬೀಜದ ಹಂದಿ

ಉಲ್ಲಾಳದ ಲೇಔಟಿನವರಿಗೆ ಭಾನುವಾರ ಹಂದಿಮಾಂಸ ಬೇಕು, ಹಂದಿ ಮಾತ್ರ ಬೇಡ. ಗಾಳಿ ಸ್ವಲ್ಪ ತಿರುಗಿದರೆ ಸಾಕು, ಬಾಲ್ಕನಿಯಲ್ಲಿ ಮೂಗು ಹಿಡಿದುಕೊಂಡು ಯಶೋದಮ್ಮನ ಶೆಡ್ಡಿನ ಕಡೆ ಕಣ್ಣು ಬಿಡುತ್ತಾರೆ. ಯಶೋದಮ್ಮ ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. ಮಾರಿ ಉಳಿದ ಹೊಲದ ತುಂಡಿನಲ್ಲಿ ಶೀಟು ಹಾಕಿಸಿ, ಹಾಸ್ಟೆಲ್ಲುಗಳ ಮುಸುರೆ ತರಿಸಿ ಕುದಿಸಿ ಹಾಕಿ, ಗಂಡ ಸತ್ತ ಮೇಲೆ ಯಾರ ಮುಂದೆಯೂ ಕೈಚಾಚದೆ ಬದುಕಿದವಳು. "ಒಕ್ಕಲು ಮನೆ ಸೊಸೆ ಹಂದಿ ಕಾಯೋದಾ?" ಎಂದು ಮೂತಿ ತಿರುವಿದ ನೆಂಟರೇ ಈಗ ವರ್ಷತೊಡಕಿಗೆ ಒಳ್ಳೆಯ ತುಂಡು ಎತ್ತಿಡು ಎಂದು ಫೋನು ಮಾಡುತ್ತಾರೆ. ನಾಚಿಕೆಗೂ ನಾಲಿಗೆಗೂ ಎಲ್ಲಿಯ ನೆಂಟಸ್ತಿಕೆ!

ಆ ವಾರ ಶೆಡ್ಡಿನಲ್ಲಿ ಬಾಣಂತನ. ದೊಡ್ಡ ಹೆಣ್ಣು ಹಂದಿ ಮರಿ ಹಾಕಿತ್ತು. ತಾಯಿ ಹೊರಳುವಾಗ ಅಡಿಗೆ ಸಿಕ್ಕಿ ಮರಿಗಳು ಸಾಯದಂತೆ ಗೋಡೆಯುದ್ದಕ್ಕೂ ಪೈಪು ಹಾಕಿಸಿ, ಮೂಲೆಯಲ್ಲಿ ಬಲ್ಬು ಇಳಿಬಿಟ್ಟು ಬೆಚ್ಚಗೆ ಮಾಡಿದ್ದಳು. ಮರಿಗಳು ಕಿರುಚಾಡಿ, ತಳ್ಳಾಡಿ, ತಮ್ಮ ತಮ್ಮ ಮೊಲೆ ಗೊತ್ತುಮಾಡಿಕೊಂಡಿದ್ದವು. ಒಮ್ಮೆ ಗೊತ್ತಾದ ಮೇಲೆ ಒಂದರದಕ್ಕೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. "ಅಣ್ಣತಮ್ಮಂದಿರಿಗಿಂತ ವಾಸಿ, ಕೋರ್ಟಿಲ್ಲದೆ ಪಾಲು ಮುಗೀತು" ಎಂದು ಯಶೋದಮ್ಮ ನಗುತ್ತಿದ್ದಳು. ಪಕ್ಕದ ಅಂಕಣದಲ್ಲಿ ಬೆಳೆದು ನಿಂತವು ಶನಿವಾರ ವ್ಯಾಪಾರದವನ ಗಾಡಿ ಹತ್ತಬೇಕಿತ್ತು.

ಆ ನಗು ನಿಂತದ್ದು ಗುಂಡ ಊಟ ಬಿಟ್ಟ ದಿನ. ಗುಂಡ ಅವಳ ಬೀಜದ ಹಂದಿ.

ಹಂದಿ ಸಾಕುವ ಇವರಲ್ಲಿ ಒಂದು ಕಟ್ಟಳೆಯಿದೆ. ಗಂಡನ್ನು ಅದರ ಮಕ್ಕಳ ಮೇಲೆಯೇ ಬಿಡುವಂತಿಲ್ಲ, ಮರಿಗಳು ಬಡಕಲಾಗುತ್ತವೆ. ಅದಕ್ಕೇ ಒಬ್ಬರ ಗಂಡು ಇನ್ನೊಬ್ಬರ ಶೆಡ್ಡಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತದೆ. ಕೇಳಿದರೆ ಇಲ್ಲ ಎನ್ನಬಾರದು. ಪಕ್ಕದ ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿದರೆ ಇಲ್ಲ ಎನ್ನುತ್ತೇವೆಯೇ? ದುಡ್ಡಿನ ಮಾತೂ ಇಲ್ಲ. ಮರಿ ಹುಟ್ಟಿದ ಮೇಲೆ ಗಂಡಿನ ಕಡೆಯವರು ಬಂದು ತಮಗೆ ಮೆಚ್ಚಿಗೆಯಾದ ಒಂದನ್ನು ಎತ್ತಿಕೊಂಡು ಹೋಗುತ್ತಾರೆ, ಅಷ್ಟೆ. ಗುಂಡ ಹೋದ ವಾರ ಕೆಂಗೇರಿಯಾಚೆ ಯಶೋದಮ್ಮನ ತಮ್ಮ ಅಮೀನಪ್ಪನ ಶೆಡ್ಡಿಗೆ ಹೋಗಿ ಬಂದಿದ್ದ.

ಈಗ ಅವನ ಕಿವಿಯ ಅಂಚು ಕೆಂಪೇರಿತ್ತು, ಮೈ ಕೆಂಡವಾಗಿತ್ತು. ಎಬ್ಬಿಸಿದರೆ ಹಿಂಗಾಲು ತಡವರಿಸಿತು. ಯಶೋದಮ್ಮ ತಮ್ಮನಿಗೆ ಫೋನು ಮಾಡಿದಳು.

"ಗುಂಡ ಏನೂ ತಿಂತಿಲ್ಲ ಕಣೋ. ನಿನ್ನ ಹತ್ರ ಎಲ್ಲಾ ಚೆನ್ನಾಗಿದಾವೆ ತಾನೇ?"

ಅಮೀನಪ್ಪ ದನಿ ತಗ್ಗಿಸಿ, "ಒಂದ್ ನಾಕು ಹೋದ್ವಕ್ಕ. ಡಾಕ್ಟ್ರಿಗೆ ಗೀಕ್ಟ್ರಿಗೆ ಹೇಳ್ಬೇಡ. ಶನಿವಾರ ಇರೋದನ್ನ ಹತ್ತಿಸ್ಬಿಡೋಣ" ಎಂದ.

"ಗುಂಡನ್ನ ವಾಪಸ್ ಕಳಿಸೋವಾಗ ಗೊತ್ತಿತ್ತೇನೋ ನಿಂಗೆ?"

"ಆಗ ಒಂದೇ ಹೋಗಿತ್ತು."

ಒಡಹುಟ್ಟಿದವನ ಬಾಯಲ್ಲಿ ಈ ಮಾತು ಕೇಳಿ ಅವಳಿಗೆ ಮೈಯೆಲ್ಲ ಉರಿಯಿತು. ಹೀಗೆ ಸಾಲಾಗಿ ಸಾಯುವುದೆಂದರೆ ಅದು ಹಂದಿಜ್ವರವೇ, ಅದಕ್ಕೆ ಮದ್ದಿಲ್ಲ. ಡಾಕ್ಟರಿಗೆ ತಿಳಿದು, ಪರೀಕ್ಷೆಯಲ್ಲಿ ಅದೇ ಎಂದಾದರೆ, ಶೆಡ್ಡಿನಲ್ಲಿರುವ ಅಷ್ಟನ್ನೂ ಕೊಂದು ಗುಂಡಿಗೆ ಹಾಕಿ ಸುಣ್ಣ ಸುರಿಯುತ್ತಾರೆ. ಕಾಯಿಲೆಯದು, ಗಟ್ಟಿಮುಟ್ಟಾದ್ದು ಎಂಬ ಭೇದವಿಲ್ಲ. ಅವಳು ಗುಂಡನನ್ನು ದೂರದ ಮೂಲೆಗೆ ಹಾಕಿದಳು. ಬಿಸಿಲಿಗಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ಶನಿವಾರದವರೆಗೆ ಬಾಯಿ ಮುಚ್ಚಿಕೊಂಡಿರೋಣ ಎಂದೂ ಅಂದುಕೊಂಡಳು. ತಮ್ಮನನ್ನು ಬೈದವಳು ತಮ್ಮನ ದಾರಿಯನ್ನೇ ಹಿಡಿದಿದ್ದಳು.

ಅಷ್ಟರಲ್ಲಿ ಕುಸುಮಾ ಸ್ಕೂಟರಿನಲ್ಲಿ ಬಂದಳು. ಬಸವೇಶ್ವರನಗರದ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದ ಹುಡುಗಿ, ಆ ಕೆಲಸ ಬಿಟ್ಟು ಶ್ರೀಗಂಧದ ಕಾವಲಿನಲ್ಲಿ ಹಂದಿ ಸಾಕಲು ಶುರುಮಾಡಿದ್ದಳು. ಮರಿಗಳ ಹಲ್ಲು ಕತ್ತರಿಸುವುದರಿಂದ ಹಿಡಿದು ಹಾಲು ಬಿಡಿಸುವವರೆಗೆ ಎಲ್ಲವನ್ನೂ ಕಲಿಸಿದವಳು ಯಶೋದಮ್ಮನೇ.

"ಅಕ್ಕಾ, ಹೆಣ್ಣು ಬೆದೆಗೆ ಬಂದಿದೆ. ಗುಂಡನ್ನ ಇವತ್ತೇ ಕಳಿಸ್ಕೊಡಿ, ನಾಳೆ ಬಿಟ್ರೆ ತಪ್ಪೋಗುತ್ತೆ" ಎಂದಳು ಕುಸುಮಾ.

ನಿಜ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಕಳಿಸಿದರೆ ಈ ಹುಡುಗಿಯ ಶೆಡ್ಡು ಹಾಳು. ಯಶೋದಮ್ಮನಿಗೆ ಬಾಯಿಗೆ ಬಂದದ್ದು ಒಂದು ಸುಳ್ಳು.

"ನಿಂಗೆ ಕೊಡಲ್ಲ. ಹೋದ ಸಲ ದಪ್ಪ ಮರಿ ಬಚ್ಚಿಟ್ಟು ಬಡಕಲು ಕೊಟ್ಟೆ. ನಾನೇನು ಕುರುಡೀನಾ?"

ಹಂದಿ ಸಾಕುವವರಿಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಕುಸುಮಾಳ ಮುಖ ಕಪ್ಪಿಟ್ಟಿತು. "ಎಲ್ಲಕ್ಕಿಂತ ಚೆನ್ನಾಗಿರೋದನ್ನ ನೀವೇ ಆರಿಸಿಕೊಂಡ್ರಲ್ಲ ಅಕ್ಕ!" ಎಂದಳು. ಯಶೋದಮ್ಮ ಒಳಗೆ ಹೋದಳು. ಸ್ಕೂಟರಿನ ಸದ್ದು ದೂರವಾದಾಗ, ಹುಡುಗಿ ಅತ್ತರೂ ಚಿಂತೆಯಿಲ್ಲ, ಅವಳ ಹಂದಿ ಉಳಿದವಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಆ ಸಮಾಧಾನ ಮಧ್ಯಾಹ್ನದವರೆಗೂ ಬಾಳಲಿಲ್ಲ. ಅಮೀನಪ್ಪನ ಫೋನು ಬಂತು. ದನಿಯಲ್ಲಿ ಏನು ಖುಷಿ!

"ನಿನ್ನ ಶಿಷ್ಯೆ ಕುಸುಮಾ ಬಂದಿದ್ಲಕ್ಕ, ಗಂಡು ಕೇಳ್ಕೊಂಡು. ನಮ್ದನ್ನ ಟೆಂಪೋ ಹತ್ತಿಸ್ಬಿಟ್ಟೆ. ವಾಪಸ್ಸೇ ಬೇಡ, ಇಟ್ಕೊಳಮ್ಮ ಅಂದೆ."

ಬಾಣಲೆಯಿಂದ ದೂರ ಇಡಲು ಹೋಗಿ ಯಶೋದಮ್ಮ ಆ ಹುಡುಗಿಯನ್ನು ನೇರವಾಗಿ ಬೆಂಕಿಯೊಳಕ್ಕೇ ನೂಕಿದ್ದಳು. ಕುಸುಮಾಳಿಗೆ ಫೋನು ಮಾಡಿದಳು. ಕಟ್ಟಾಯಿತು. ಮತ್ತೆ ಮಾಡಿದಳು, ಮತ್ತೆ ಕಟ್ಟಾಯಿತು. ಕಾಲು ತೊಳೆದು, ಸೀರೆ ಬದಲಿಸಿ, ಆಟೋ ಹಿಡಿದು ಶ್ರೀಗಂಧದ ಕಾವಲಿಗೆ ಓಡಿದಳು.

ಟೆಂಪೋ ಆಗತಾನೇ ಬಂದು ಗೇಟಿನ ಹೊರಗೆ ನಿಂತಿತ್ತು. ಡ್ರೈವರು ಹಲಗೆ ಇಳಿಬಿಡುತ್ತಿದ್ದ.

"ಇಳಿಸ್ಬೇಡಪ್ಪೋ!" ಎಂದು ಕೂಗುತ್ತ ಯಶೋದಮ್ಮ ರಸ್ತೆಯಲ್ಲೇ ನಿಂತಳು. ತನ್ನ ಶೆಡ್ಡಿನ ಸೋಂಕು ತನ್ನ ಕಾಲಿನಲ್ಲೇ ಬರಬಾರದೆಂದು ಗೇಟು ದಾಟಲಿಲ್ಲ. ಕುಸುಮಾಳಿಗೆ ಅದೂ ಜಂಬವಾಗಿ ಕಂಡಿತು.

"ಅಮೀನನ ಶೆಡ್ಡಲ್ಲಿ ಜ್ವರ ಬಂದಿದೆ ಕಣೇ. ಸಾಯ್ತಾ ಇದಾವೆ."

"ಹೊಟ್ಟೆಕಿಚ್ಚಾ ಅಕ್ಕ? ನೀವೂ ಕೊಡಲ್ಲ, ಬೇರೆಯವರು ಕೊಟ್ರೂ ತಡೀತೀರ. ಬೆಳಿಗ್ಗೆ ಕಳ್ಳಿ ಮಾಡಿದ್ರಿ, ಈಗ ನಿಮ್ಮ ಮಾತು ನಂಬಬೇಕಾ?" ಎಂದು ಕುಸುಮಾ ಡ್ರೈವರನ ಕಡೆ ತಿರುಗಿದಳು. "ಅಣ್ಣ, ನೀವು ಇಳಿಸಿ."

ನಂಬಿಸಲು ಯಶೋದಮ್ಮನ ಹತ್ತಿರ ಉಳಿದಿದ್ದದ್ದು ಒಂದೇ ದಾರಿ. ಫೋನು ತೆಗೆದಳು, ಪಶು ಆಸ್ಪತ್ರೆಯ ಡಾಕ್ಟರಿಗೆ ಮಾಡಿದಳು, ಸ್ಪೀಕರ್ ಹಾಕಿ ಎಲ್ಲರಿಗೂ ಕೇಳುವಂತೆ ಹಿಡಿದಳು.

"ಸಾರ್, ನಾನು ಉಲ್ಲಾಳದ ಯಶೋದಮ್ಮ. ನನ್ನ ಶೆಡ್ಡಿಗೆ ಹಂದಿಜ್ವರ ಬಂದಂಗಿದೆ. ಗಂಡಿಗೆ ಕಿವಿ ಕೆಂಪಾಗಿದೆ, ಕಾಲು ನಿಲ್ತಿಲ್ಲ."

"ಎಲ್ಲಿಂದ ಬಂತಮ್ಮ?"

"ನನ್ನ ತಮ್ಮನ ಶೆಡ್ಡಿಂದ. ಅಮೀನಪ್ಪ, ಕೆಂಗೇರಿ ಕಡೆ. ಅಲ್ಲಿ ಸತ್ತಿದಾವೆ. ಅಲ್ಲಿಂದ ಬಂದ ಇನ್ನೊಂದು ಇಲ್ಲಿ ಶ್ರೀಗಂಧದ ಕಾವಲಲ್ಲಿ ಟೆಂಪೋದಲ್ಲಿದೆ."

ಕುಸುಮಾ ಓಡಿಹೋಗಿ ತಾನೇ ಹಲಗೆ ಎತ್ತಿ ಮುಚ್ಚಿದಳು. "ಅಕ್ಕಾ, ಬೆಳಿಗ್ಗೆನೇ ಹೇಳಬಾರದಿತ್ತಾ?" ಎಂದು ಅಳತೊಡಗಿದಳು.

"ಟೆಂಪೋ ಅಲ್ಲೇ ಇರಲಿ, ನಾನು ಬರ್ತೀನಿ" ಎಂದರು ಡಾಕ್ಟರು. "ನಿಮ್ಮ ಹಂದಿಗಳ ರಕ್ತ ಪರೀಕ್ಷೆಗೆ ಕಳಿಸ್ತೀವಿ. ಅದೇ ಅಂತ ಬಂದ್ರೆ ಏನಾಗುತ್ತೆ ಗೊತ್ತಲ್ಲ?"

"ಗೊತ್ತು ಸಾರ್."

"ಒಟ್ಟು ಎಷ್ಟಿವೆ ಹೇಳಿ, ಬರ್ಕೋತೀನಿ."

"ಮೊನ್ನೆ ಹುಟ್ಟಿದಾವಲ್ಲ ಸಾರ್, ಇನ್ನೂ ಹಾಲು ಕುಡೀತಿರೋವು. ಅವನ್ನೂ ಹೇಳಬೇಕಾ?"

"ಎಲ್ಲಾನೂ ಅಮ್ಮ."

ಯಶೋದಮ್ಮ ಮರಿಗಳನ್ನೂ ಸೇರಿಸಿ ಹೇಳಿದಳು.