ಮೇಷ್ಟ್ರಿಗೆ ವಾಕ್ಯ ಕಲಿಸಿದವಳು

ಪಾರ್ಶ್ವವಾಯು ಬಡಿದಾಗ ಮೇಷ್ಟ್ರ ಮಾತು ಪೂರ್ತಿ ಹೋಗಲಿಲ್ಲ, ಮಾತಿನ ಕೊಂಡಿಗಳು ಕಳಚಿಹೋದವು. ನೀರು, ಕಿಟಕಿ, ನೋವು ಅನ್ನುತ್ತಿದ್ದರು. ಆದರೆ ಒಂದು ಪದ ಇನ್ನೊಂದರ ಕೈ ಹಿಡಿಯುತ್ತಿರಲಿಲ್ಲ. ಪದ ಪದ ಸೇರಿ ವಾಕ್ಯವಾಗುವ ಬಗೆಯನ್ನೇ ಕಾಲೇಜಿನಲ್ಲಿ ಜೀವಮಾನವೆಲ್ಲ ಪಾಠ ಮಾಡಿದ್ದ ಮನುಷ್ಯ!

ಮಾತು ಕಲಿಸುವವರು ಬೇಕೆಂದು ಅವರ ಹೆಂಡತಿ ಆಸ್ಪತ್ರೆಯಲ್ಲಿ ವಿಚಾರಿಸಿದಾಗ ಎಲ್ಲರೂ ಒಬ್ಬಳತ್ತಲೇ ಬೆರಳು ತೋರಿಸಿದರು. ಅವಳು ಹಿಂದೆ ಮೇಷ್ಟ್ರ ಶಿಷ್ಯೆಯಾಗಿದ್ದಳೆಂದು ಪಾಪ, ಆಕೆಗೆ ಗೊತ್ತಿರಲಿಲ್ಲ.

ಮೇಷ್ಟ್ರಿಗೆ ಗೊತ್ತಾಯಿತು. ಅವಳು ಬಾಗಿಲಲ್ಲಿ ನಿಂತ ಕೂಡಲೇ ಅವರ ಮುಖ ಬಿಳಿಚಿಕೊಂಡಿತು.

ಎಳೆಯ ಮಕ್ಕಳು ಮೊದಲ ಸಲ ಎರಡು ಪದ ಕೂಡಿಸುವುದು ಹೇಗೆಂದು ತಿಳಿಯಲು ಅವಳು ಮೇಷ್ಟ್ರ ಕೈಕೆಳಗೆ ಓದುತ್ತಿದ್ದಾಗ ಶಿಶುವಿಹಾರದ ನೆಲದ ಮೇಲೆ ಕೂತು, ಅವರ ಜೊಲ್ಲು ಒರೆಸುತ್ತ, ವರ್ಷಗಟ್ಟಲೆ ಕಿವಿಗೊಟ್ಟಿದ್ದಳು. ಮೇಷ್ಟ್ರು ಅವಳ ಪ್ರಬಂಧವನ್ನು ಬದಿಗೆ ತಳ್ಳಿ, "ದಡ್ಡಿ ನೀನು. ಈ ವಿದ್ಯೆ ನಿನಗೆ ಹತ್ತಲ್ಲ, ಹೋಗು" ಅಂದಿದ್ದರು. ಆಮೇಲೆ ಅದೇ ಮಕ್ಕಳು, ಅದೇ ತೊದಲು ಮಾತುಗಳು ಮೇಷ್ಟ್ರ ಪುಸ್ತಕದೊಳಗೆ ಕೂತಿದ್ದವು. ಆ ಪುಸ್ತಕದಿಂದಲೇ ಅವರು ದೊಡ್ಡ ಮನುಷ್ಯರಾದರು. ಅವಳು ಹಲ್ಲು ಕಚ್ಚಿಕೊಂಡು ಬೇರೆ ದಾರಿ ಹಿಡಿದಳು.

ಈಗ ಅವಳಿಗೆ ಬೇಕಾದದ್ದು ಒಂದೇ. ಕಳ್ಳತನವನ್ನು ಕಳ್ಳನ ಬಾಯಿಂದಲೇ, ಅವನ ಹೆಂಡತಿಯ ಎದುರಿಗೇ ಹೇಳಿಸಬೇಕು.

ಅವಳ ಕೆಲಸದ ರೀತಿ ಸರಳ. ರಟ್ಟಿನ ಚೀಟಿಗಳ ಮೇಲೆ ಒಂದೊಂದು ಪದ. ಎರಡನ್ನು ಪಕ್ಕಪಕ್ಕ ಇಟ್ಟು ಹೇಳಿಸುವುದು, ಆಮೇಲೆ ಮೂರು. ಆದರೆ ಮೇಷ್ಟ್ರಿಗೆಂದು ಅವಳು ಬೇರೆಯೇ ಚೀಟಿಗಳನ್ನು ಬರೆದು ತಂದಳು. ಅವಳ. ಕೆಲಸ. ನಾನು. ಕದ್ದೆ.

"ಹೇಳಿ ಸರ್."

ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಅವಳಿಗೆ ಎದೆ ತಣ್ಣಗಾಯಿತು. "ಇನ್ನೊಂದು ಸಲ."

ಗಿಣಿಗೆ ಕಲಿಸಿದ ಹಾಗೆ ಕಲಿಸಿದಳು. ಒಂದು ಬೆಳಿಗ್ಗೆ ಹೆಂಡತಿ ನೀರಿನ ಲೋಟ ಹಿಡಿದು ಬಂದಾಗ ಮೇಷ್ಟ್ರು ಸ್ಪಷ್ಟವಾಗಿ ಅಂದರು: "ಅವಳ ಕೆಲಸ ನಾನು ಕದ್ದೆ."

ಹೆಂಡತಿ ಬಿದ್ದು ಬಿದ್ದು ನಕ್ಕರು. "ಯಾರ ಕೆಲಸ, ನನ್ನದಾ? ನನ್ನ ಕೆಲಸ ನೀವು ಕದ್ದಿರಾ? ಈ ಜನ್ಮದಲ್ಲಿ ಒಂದು ಲೋಟ ತೊಳೆದವರಲ್ಲ!"

ಔಷಧ ಕೊಟ್ಟಾಗಲೂ ಅದೇ ಮಾತು, ದಿಂಬು ಸರಿಮಾಡಿದಾಗಲೂ ಅದೇ. ಬಾಯಿಗೆ ರೂಢಿಯಾದದ್ದು ಹೊರಗೆ ಬರುತ್ತಿತ್ತು, ಅಷ್ಟೆ. ಬಾಯಿಪಾಠ ಮಾಡಿಸಿ ತಪ್ಪೊಪ್ಪಿಸಲು ಹೊರಟಿದ್ದಳಲ್ಲ, ಅವಳ ಮೈ ಉರಿದುಹೋಯಿತು. ಅವರಾಗಿ ಕಟ್ಟದ ವಾಕ್ಯ ಅವರದಾಗುವುದಿಲ್ಲ. ಸೇಡು ತೀರಬೇಕಾದರೆ ಮೊದಲು ಈ ಮನುಷ್ಯನನ್ನು ಗುಣಪಡಿಸಬೇಕು!

ಆ ಚೀಟಿಗಳನ್ನು ಹರಿದು ಹಾಕಿ ಮೊದಲಿನಿಂದ ಶುರುಮಾಡಿದಳು. ಬೇರೆ ಯಾವ ರೋಗಿಯ ವಿಷಯದಲ್ಲೂ ಅಷ್ಟು ಮುತುವರ್ಜಿ ವಹಿಸಿದವಳಲ್ಲ. ಮೇಷ್ಟ್ರು ಬೆವರಿದರೂ ಬಿಡಲಿಲ್ಲ. ಹೆಂಡತಿ ಮಾತ್ರ, ಅವಳ ಕಣ್ಣಿಗೆ ಬಿಸಿಲು ಹೊಡೆಯುತ್ತಿದೆಯೆಂದು ಸದ್ದಿಲ್ಲದೆ ಬಂದು ಪರದೆ ಎಳೆದು ಹೋಗುತ್ತಿದ್ದರು. ಆ ಒಂದು ಗಳಿಗೆ ಅವಳಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ "ನೀರು ಬೇಕು", "ಕಿಟಕಿ ತೆಗಿ" ಎನ್ನುವಷ್ಟಾದರು. ಅದಕ್ಕಿಂತ ಉದ್ದಕ್ಕೆ ಹೋಗಲಾರರು. ಒಂದು ಮಧ್ಯಾಹ್ನ ಅವಳು ಚೀಟಿಗಳನ್ನೆಲ್ಲ ಎತ್ತಿಟ್ಟಳು.

"ಈಗ ನಿಮ್ಮದೇ ಮಾತಲ್ಲಿ ಹೇಳಿ ಸರ್. ಏನು ಅಂತ ನಿಮಗೆ ಗೊತ್ತು."

ಮೇಷ್ಟ್ರು ಬಹಳ ಹೊತ್ತು ತಡಕಾಡಿದರು. "ಹೇಳಿದ್ರೆ... ನೀನು... ಬರಲ್ಲ."

ಅವಳು ದಂಗಾದಳು. ಎರಡು ಮಾತನ್ನು ಒಂದಕ್ಕೊಂದು ಕಟ್ಟಿದ್ದರು! ಅವಳು ಕಲಿಸದೇ ಇದ್ದದ್ದನ್ನು! ಬೇರೆ ರೋಗಿಯಾಗಿದ್ದರೆ ಅವಳು ಕೈ ಹಿಡಿದು ಕುಣಿಯುತ್ತಿದ್ದಳು.

"ಇಲ್ಲ, ಬರಲ್ಲ" ಅಂದಳು. "ಹೇಳಿ."

ಮೇಷ್ಟ್ರು ಕಣ್ಣು ಮುಚ್ಚಿ ಹೆಂಡತಿಯನ್ನು ಕೂಗಿದರು. ಆಕೆ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದರು.

"ನನ್ನ ಪುಸ್ತಕ... ಇವಳದು. ದಡ್ಡಿ ಅಂದೆ. ಸುಳ್ಳು."

ಈ ಸಲ ಆಕೆ ನಗಲಿಲ್ಲ. ಗಂಡನನ್ನು ನೋಡಿದರು, ಅವಳನ್ನು ನೋಡಿದರು. ಮಂಚದ ತುದಿಗೆ ಕುಸಿದು ಕೂತರು. "ಊಟ ಮಾಡಿಕೊಂಡು ಹೋಗು ಮಗಳೇ" ಅಂದರು. ಅಷ್ಟು ದಿನ ಟೀಚರ್ ಅನ್ನುತ್ತಿದ್ದವರು.

"ಬೇಡಮ್ಮ."

"ನಾಳೆ?"

ಅವಳು ಇಲ್ಲವೆಂದು ತಲೆಯಾಡಿಸಿ ಚೀಲ ಹೆಗಲಿಗೇರಿಸಿದಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಮೇಷ್ಟ್ರ ಧ್ವನಿ ಕೇಳಿತು. "ನೀನು... ಇದ್ದಿದ್ರೆ... ನಾನು..." ವಾಕ್ಯ ಅಲ್ಲೇ ಸಿಕ್ಕಿಕೊಂಡಿತು. ಮತ್ತೆ ಮೊದಲಿಂದ ಶುರುವಾಯಿತು, ಮತ್ತೆ ಅಲ್ಲೇ ನಿಂತಿತು. ಅದನ್ನು ದಾಟಿಸುವುದು ಹೇಗೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನು ಒಂದೇ ಒಂದು ತಿಂಗಳ ಕೆಲಸ.

ಗೇಟು ಮುಚ್ಚಿ ಅಗುಳಿ ಹಾಕಿ, ಅವಳು ರಸ್ತೆಗಿಳಿದಳು.