ಕಳೆದ ವಾರದ ಕೆಲಸ

ಲಿಮಾ ನಗರದ ಬಟ್ಟೆ ಪೇಟೆ ಗಮಾರಾದ ಒಂದು ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ಓವರ್‌ಲಾಕ್ ಮಷೀನಿನ ಮುಂದೆ ಕೂತಿದ್ದವಳು ನಾನು. ಮಾಲೀಕ ಬಾಗಿಲು ಹಾಕಿದ ಮೇಲೆ ಎಂಟು ತಿಂಗಳು ಎಲ್ಲೂ ಏನೂ ಸಿಗಲಿಲ್ಲ. ಐವತ್ತೊಂದು ದಾಟಿದವಳನ್ನು ಮಷೀನಿನ ಮೇಲೆ ಕೂರಿಸುವವರು ಯಾರು? ಕೊನೆಗೆ ತಂಗಿಯ ಗಂಡ ಯಾರಿಗೋ ಹೇಳಿ, ಮೂರು ತಿಂಗಳ ಕರಾರಿನ ಮೇಲೆ ಸಮೀಕ್ಷೆಯ ಕೆಲಸ ಕೊಡಿಸಿದ. ಮನೆಮನೆಗೆ ಹೋಗಿ, ನಿಮಗೆ ಕೆಲಸ ಇದೆಯೇ, ಕಳೆದ ವಾರ ಎಷ್ಟು ಗಂಟೆ ದುಡಿದಿರಿ, ಏನು ಸಿಕ್ಕಿತು ಎಂದು ಕೇಳಿ ಬರೆದುಕೊಳ್ಳುವುದು. ಮೊದಲ ದಿನ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡು ಕನ್ನಡಿ ನೋಡಿಕೊಂಡಾಗ ನಗು ಬಂದಿತ್ತು. ಎರಡನೆಯ ವಾರದ ಹೊತ್ತಿಗೆ ಮಂಡಿ ನೋವು ಬಿಟ್ಟರೆ ಬೇರೇನೂ ಇರಲಿಲ್ಲ.

ನನಗೆ ಬಂದದ್ದು ಲಿಮಾದ ಉತ್ತರದ ಒಂದು ಗುಡ್ಡ. ಆಗಸ್ಟ್ ತಿಂಗಳು. ಮಳೆಯೂ ಅಲ್ಲದ, ಮಂಜೂ ಅಲ್ಲದ ಆ ತುಂತುರು ಬೆಳಗಿನಿಂದ ಸಂಜೆಯವರೆಗೆ ಬೀಳುತ್ತಲೇ ಇರುತ್ತಿತ್ತು. ಹಳದಿ ಬಣ್ಣ ಬಳಿದ ಸಿಮೆಂಟಿನ ಮೆಟ್ಟಿಲು ಮುಗಿದ ಮೇಲೆ ಮಣ್ಣಿನ ಮೆಟ್ಟಿಲು, ಅದೂ ಮುಗಿದ ಮೇಲೆ ಬರೀ ಜಾರುವ ದಾರಿ. ಆ ದಾರಿಯ ಕೊನೆಯ ಮನೆ ಎದೆಲ್ಮೀರಾಳದು.

ಹಲಗೆಯ ಬಾಗಿಲು ತೆರೆದೇ ಇತ್ತು. ಒಳಗೆ ಐವತ್ತೈದರ ಸುಮಾರಿನ ಹೆಂಗಸು ಗಿಡ್ಡ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟಿಕ್ ಟಬ್ಬಿನ ತುಂಬ ಬೆಳ್ಳುಳ್ಳಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಪಕ್ಕದಲ್ಲಿ ಇನ್ನೊಂದು ಮೂಟೆ. ಬೆರಳ ತುದಿಗಳೆಲ್ಲ ಕೆಂಪಗೆ ಬೆಂದು ಸಿಪ್ಪೆಯೆದ್ದಿದ್ದವು.

"ಒಳಗೆ ಬನ್ನಿ ಮೇಡಂ, ನಿಂತ್ಕೊಂಡು ನೆನೀಬೇಡಿ," ಎಂದಳು.

ಹೆಸರು, ವಯಸ್ಸು, ಎಷ್ಟು ಜನ ಎಲ್ಲ ಆಯಿತು. ಗಂಡ ಹೆಂಡತಿ ಇಬ್ಬರೇ. "ಕಳೆದ ವಾರ ನೀವು ಕೆಲಸ ಮಾಡಿದಿರಾ?" ಎಂದು ಕೇಳಿದೆ.

"ನಾನಾ? ಎಲ್ಲಿಂದ ಕೆಲಸ. ಮನೇಲೇ ಇರ್ತೀನಿ."

"ಮತ್ತೆ ಈ ಬೆಳ್ಳುಳ್ಳಿ?"

"ಇದಾ, ಮಾರ್ಕೆಟ್ಟಿಂದ ಮೂಟೆ ತರೋದು, ಸುಲಿದು ವಾಪಸ್ ಕೊಡೋದು. ಇದನ್ನ ಕೆಲಸ ಅಂತಾರಾ?"

"ದುಡ್ಡು ಕೊಡ್ತಾರಲ್ವಾ?"

"ಕೊಡ್ತಾರೆ ಅಂತಲೇ ಹೇಳ್ಬೇಕು," ಎಂದು ನಕ್ಕಳು. ನಾನು ಅವಳನ್ನು ಕೆಲಸವಿರುವವಳು ಎಂದು ಬರೆದುಕೊಂಡೆ. ದಿನಕ್ಕೆ ಹತ್ತು ಗಂಟೆ. ಅವಳೇ ಬೆರಳು ಮಡಿಸಿ ಎಣಿಸಿ ಹೇಳಿದಳು.

ಗಂಡನ ಸರದಿ ಬಂತು. ಹೆಸರು ಸತುರ್ನೀನೊ, ಐವತ್ತೊಂಬತ್ತು ವರ್ಷ. "ಅವನಿಗೆ ಕೆಲಸ ಇಲ್ಲ ಅಂತ ಬರ್ಕೊಳ್ಳಿ," ಎಂದಳು. "ಪಂಪಿನ ಭಾಗ ಮಾಡೋ ಫ್ಯಾಕ್ಟರೀಲಿ ಲೇತ್ ಮೇಲೆ ಕಬ್ಬಿಣ ಕೊರೆಯೋ ಟರ್ನರ್ ಆಗಿದ್ದ. ಅದು ಮುಚ್ಚಿ ಎರಡು ವರ್ಷ ಆಯ್ತು. ಈಗ ದಿನಾ ಬೆಳಿಗ್ಗೆ ರಿಪೇರಿ ಸಾಮಾನಿನ ಪೆಟ್ಟಿಗೆ ಹೊತ್ಕೊಂಡು ಹೋಗ್ತಾನೆ. ಕೆಳಗೆ ಹಾರ್ಡ್‌ವೇರ್ ಅಂಗಡಿಗಳ ಮುಂದೆ ರಟ್ಟಿನ ಬೋರ್ಡು ಇಟ್ಕೊಂಡು ಗಂಡಸರೆಲ್ಲ ಸಾಲಾಗಿ ಕೂತಿರ್ತಾರಲ್ಲ, ಅಲ್ಲಿ. ಯಾರಾದ್ರೂ ಕರೆದ್ರೆ ಒಂದು ನಲ್ಲಿ ರಿಪೇರಿ. ಕರೀದಿದ್ರೆ ಅದೂ ಇಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಅವನೇ ನಿಂತಿದ್ದ. ತೆಳ್ಳಗಿನ, ನೇರ ಬೆನ್ನಿನ ಮನುಷ್ಯ. ಜ್ವರ ಬಂದಂತಿದೆ ಎಂದು ಬೇಗ ಬಂದಿದ್ದನಂತೆ. ಪೆಟ್ಟಿಗೆಯನ್ನು ಸದ್ದಾಗದಂತೆ ನೆಲದ ಮೇಲಿಟ್ಟ. ಹೆಂಡತಿಯ ಕೊನೆಯ ಮಾತು ಅವನ ಕಿವಿಗೆ ಬಿದ್ದಿತ್ತು.

"ಟರ್ನರ್ ಅಂತ ಬರ್ಕೊಳ್ಳಿ ಮೇಡಂ. ಕೆಲಸ ಇದೆ."

"ಕಳೆದ ವಾರದ್ದು ಹೇಳ್ಬೇಕು, ಸತುರ್ನೀನೊ ಅವ್ರೇ."

"ಕಳೆದ ವಾರದ್ದೇ ಹೇಳ್ತಿರೋದು. ಅರವತ್ತು ಗಂಟೆ."

ಎದೆಲ್ಮೀರಾ ಟಬ್ಬಿನಿಂದ ತಲೆಯೆತ್ತಲಿಲ್ಲ. "ಹೂಂ, ಅರವತ್ತು. ಫುಟ್‌ಪಾತಿನ ಮೇಲೆ ಕೂತಿದ್ದೂ ಸೇರಿಸಿ."

"ನೀನು ಬೆಳ್ಳುಳ್ಳಿ ನೋಡ್ಕೋ."

"ನೋಡ್ಕೋತಾನೇ ಇದೀನಿ ಮುದುಕಪ್ಪ, ಎರಡು ವರ್ಷದಿಂದ."

ಕೆಲಸವಿಲ್ಲದ ಮನೆಗಳಿಗೆ ಅಡುಗೆ ಗ್ಯಾಸಿನ ರಿಯಾಯಿತಿ ಚೀಟಿ ಕೊಡುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು. ಈ ಬರಹಕ್ಕೂ ಯಾವ ಚೀಟಿಗೂ ಸಂಬಂಧವಿಲ್ಲ, ಹೆಸರು ಕೂಡ ಮೇಲಕ್ಕೆ ಹೋಗುವುದಿಲ್ಲ, ಎಲ್ಲ ಸೇರಿ ಒಂದು ಅಂಕಿಯಾಗುತ್ತದೆ ಎಂದು ಹೇಳಿದೆ.

"ಹಂಗಾದ್ರೆ ಯಾಕೆ ಕೇಳ್ತೀರಾ?" ಎಂದಳು. ಕೋಪದಿಂದಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಉತ್ತರವೊಂದಿತ್ತು, ಅದನ್ನೇ ಒಪ್ಪಿಸಿದೆ.

ಸತುರ್ನೀನೊ ನಿಂತೇ ಇದ್ದ. ಯಾರ ಹತ್ತಿರ, ಏನು ಕೆಲಸ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. "ಟರ್ನರ್. ಅರವತ್ತು," ಅಷ್ಟೇ. ಗಾರ್ಮೆಂಟ್ಸು ಮುಚ್ಚಿದ ಮೇಲೆ ಕೂಡ ಎರಡು ತಿಂಗಳು ನಾನು ಬೆಳಿಗ್ಗೆ ಆರೂವರೆಯ ಬಸ್ಸಿಗೆ ಸಿದ್ಧವಾಗಿ ಕೂರುತ್ತಿದ್ದೆ. ಅದನ್ನೆಲ್ಲ ಯಾರಿಗೂ ಹೇಳಿದವಳಲ್ಲ. ಪಾಪ, ಅವನ ಮಾನ ಅವನಿಗಿರಲಿ ಎಂದುಕೊಂಡು, ಅವನು ಹೇಳಿದಂತೆಯೇ ಬರೆದುಕೊಂಡು ಗುಡ್ಡ ಇಳಿದೆ.

ನಾಲ್ಕು ದಿನ ಕಳೆದ ಮೇಲೆ ನನ್ನ ಮೇಲ್ವಿಚಾರಕಿ ಪಾಮೆಲಾ ಕರೆದಳು. ನನ್ನ ತಂಗಿಯ ಮಗಳ ವಯಸ್ಸಿನ ಹುಡುಗಿ. ಅವಳದೂ ಕರಾರಿನ ಕೆಲಸವೇ. ನಮ್ಮಂಥ ಪ್ರತಿಯೊಬ್ಬರೂ ಬರೆದುಕೊಂಡು ಬಂದ ಹತ್ತು ಮನೆಗೆ ಫೋನ್ ಮಾಡಿ ತಾಳೆ ನೋಡುವುದು ಅವಳ ಪಾಲಿಗೆ ಬಂದಿತ್ತು.

"ನೊಯೆಮಿ ಮೇಡಂ, ಈ ಮನೆಯ ಹೆಂಗಸು ನನ್ನ ಗಂಡ ಎರಡು ವರ್ಷದಿಂದ ಲೇತ್ ಮುಟ್ಟೇ ಇಲ್ಲ ಅಂದ್ರು. ನೀವು ಅರವತ್ತು ಗಂಟೆ ಬರ್ದಿದೀರಾ."

"ಅವ್ರೇ ಹೇಳಿದ್ದು."

"ಯಾವ ಜಾಗದಲ್ಲಿ ಅಂತ ಕೇಳಿದ್ರಾ?"

"ಕೇಳಿದೆ, ಹೇಳಲಿಲ್ಲ. ಪಾಪ ಅನ್ನಿಸ್ತು."

"ಕನಿಕರದಿಂದ ಬರೆದ್ರೂ ಅದು ಸುಳ್ಳೇ ಮೇಡಂ," ಎಂದಳು. "ನಾಳೆ ಹೋಗಿ ಸರಿ ಮಾಡ್ಕೊಂಡು ಬನ್ನಿ. ಇಲ್ಲದಿದ್ರೆ ನಿಮ್ಮ ಹಾಳೆಗಳನ್ನೆಲ್ಲ ತೆಗೆದುಹಾಕ್ತಾರೆ. ನಿಮ್ಮನ್ನೂ."

ಮರುದಿನ ಬೆಳಿಗ್ಗೆ ಹತ್ತಕ್ಕೆ ಮತ್ತೆ ಆ ಮೆಟ್ಟಿಲು ಹತ್ತಿದೆ. ಎದೆಲ್ಮೀರಾ ಸುಲಿದ ಬೆಳ್ಳುಳ್ಳಿಯನ್ನು ಚೀಲಕ್ಕೆ ತುಂಬಿ ಹೊರಡುವುದರಲ್ಲಿದ್ದಳು. ಗಂಡ ಮನೆಯಲ್ಲಿರಲಿಲ್ಲ. ಅವನ ಬಾಯಿಂದಲೇ ಕೇಳಿ ಬರೆಯಬೇಕು ಎಂದೆ. "ನಾನೂ ಮಾರ್ಕೆಟ್ಟಿಗೇ ಹೋಗ್ತಿರೋದು. ಆ ಅಂಗಡಿಗಳು ಇನ್ನೊಂದು ಬೀದೀಲಿ. ನಾನು ಆ ಕಡೆ ಹೋದ್ರೆ ಅವನಿಗಾಗಲ್ಲ, ಇವತ್ತು ಬನ್ನಿ ತೋರಿಸ್ತೀನಿ," ಎಂದಳು. ಚೀಲದ ಒಂದು ಕಿವಿ ನಾನು ಹಿಡಿದುಕೊಂಡೆ.

ಇಳಿಯುತ್ತ ಅವಳು ತಾನಾಗಿಯೇ ಹೇಳಿದಳು. "ನಿಮಗೆ ಹೇಳ್ತೀನಿ ಅಕ್ಕ, ಬೇರೆ ಯಾರಿಗೂ ಹೇಳಿಲ್ಲ. ಕೆಲವು ತಿಂಗಳಿಂದ ಅವನ ಬಟ್ಟೇಲಿ ಬ್ಲೀಚಿಂಗ್ ವಾಸನೆ. ಬಟ್ಟೆ ಒಗೆಯೋ ಯಾವಳನ್ನೋ ಇಟ್ಕೊಂಡಿದಾನೆ ಅನ್ಸುತ್ತೆ."

"ಕೇಳಲಿಲ್ವಾ?"

"ಕೇಳಿ? ಹೌದು ಅಂದ್ಬಿಟ್ರೆ ಆಮೇಲೆ ಜಗಳ ಆಡ್ಬೇಕು. ಸಂಜೆ ಹೊತ್ತಿಗೆ ನನಗೆ ಅಷ್ಟೆಲ್ಲ ಶಕ್ತಿ ಇರಲ್ಲ."

ಹಾರ್ಡ್‌ವೇರ್ ಅಂಗಡಿಗಳ ಮುಂದೆ ಹದಿನೈದಿಪ್ಪತ್ತು ಗಂಡಸರು ಕೂತಿದ್ದರು. ಪೇಂಟರ್, ಎಲೆಕ್ಟ್ರಿಷಿಯನ್, ಟೈಲ್ಸ್ ಹಾಕುವವನು, ಎಲ್ಲರ ಮುಂದೆಯೂ ಒದ್ದೆ ರಟ್ಟು. ನನ್ನ ಗುರುತಿನ ಚೀಟಿ ಕಂಡದ್ದೇ ಇಬ್ಬರು ಎದ್ದು ನಿಂತರು, ಕೆಲಸ ಕೊಡಲು ಬಂದವಳೆಂದು. ಅವರಲ್ಲಿ ಸತುರ್ನೀನೊ ಇರಲಿಲ್ಲ.

"ಟರ್ನರ್ ಸತುರ್ನೀನೊನಾ?" ಎಂದ ಒಬ್ಬ ಪೇಂಟರ್. "ಅವನು ಈಸ್ಟರ್ ಆದ ಮೇಲೆ ಇಲ್ಲಿ ಕೂತೇ ಇಲ್ಲ. ಅದೃಷ್ಟವಂತ. ನೌಕರಿ ಸಿಕ್ತಲ್ಲ."

"ಯಾವ ನೌಕರಿ?" ಎಂದಳು ಎದೆಲ್ಮೀರಾ.

ಅವನು ಅವಳನ್ನು ನೋಡಿದ, ಪಕ್ಕದವನನ್ನು ನೋಡಿದ. "ನೀವು ಯಾರು?"

"ಹೆಂಡತಿ."

"ಹಂಗಾದ್ರೆ ಅವನ್ನೇ ಕೇಳಮ್ಮ," ಎಂದು ರಟ್ಟು ಒರೆಸತೊಡಗಿದ. ಪಕ್ಕದವನಿಗೆ ತಡೆದುಕೊಳ್ಳಲಾಗಲಿಲ್ಲ. "ಮಾರ್ಕೆಟ್ಟಿನ ಹಿಂದುಗಡೆ ಗೇಟು. ಎಲ್ಲರೂ ಒಂದಲ್ಲ ಒಂದು ಹೊತ್ತಲ್ಲಿ ಅವನ ಹತ್ರ ಹೋಗಲೇಬೇಕು," ಎಂದ. ಸಾಲಿನವರೆಲ್ಲ ನಕ್ಕರು. ಪೇಂಟರ್ ನಗಲಿಲ್ಲ.

ಮಾರ್ಕೆಟ್ಟಿನ ಹಿಂದಿನ ಗೇಟಿನಲ್ಲಿ ಮೀನಿನ ಅಂಗಡಿಗಳ ಸಾಲು ಮುಗಿದ ಕಡೆ ಸಾರ್ವಜನಿಕ ಶೌಚಾಲಯ. ಬಾಗಿಲಲ್ಲಿ ಒಂದು ಚಿಕ್ಕ ಮೇಜು. ಮೇಜಿನ ಹಿಂದೆ ರಬ್ಬರ್ ಬೂಟು ಹಾಕಿಕೊಂಡು, ಒಳಗೆ ಹೋಗುವವರಿಗೆ ಕೊಡುವ ಒರೆಸುವ ಕಾಗದವನ್ನು ಒಂದೇ ಅಳತೆಗೆ ಮಡಿಸಿ ಜೋಡಿಸುತ್ತ ಸತುರ್ನೀನೊ ಕೂತಿದ್ದ. ನಾಣ್ಯ ಬಿದ್ದಾಗಲೆಲ್ಲ ಒಂದೊಂದು ಮಡಿಕೆ ಮುಂದಕ್ಕೆ ಚಾಚುತ್ತಿದ್ದ. ಮುಖ ಎತ್ತುತ್ತಿರಲಿಲ್ಲ. ಅವನ ಪೆಟ್ಟಿಗೆ ಕುರ್ಚಿಯ ಕೆಳಗಿತ್ತು.

ಮಾತಾಡಿಸಬೇಕೆಂದು ನಾನು ಹೆಜ್ಜೆ ಮುಂದಿಟ್ಟೆ. ಎದೆಲ್ಮೀರಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಚೀಲವನ್ನು ನನ್ನ ಕೈಗೆ ಕೊಟ್ಟು, ಜನರ ಸಾಲಿನಲ್ಲಿ ಹೋಗಿ ನಿಂತಳು. ಅವಳ ಮುಂದೆ ಮೂವರಿದ್ದರು. ಅವಳ ಸರದಿ ಬಂದಾಗ ಮೇಜಿನ ಮೇಲೆ ನಾಣ್ಯವಿಟ್ಟು ಕೈ ಚಾಚಿದಳು. ಅವನು ಕಾಗದ ಕೊಡಲು ಹೋದವನು ಆ ಬೆರಳುಗಳನ್ನು ನೋಡಿ ಮುಖ ಎತ್ತಿದ.

"ನೀನು," ಎಂದ.

"ಹೂಂ. ಹೋಗ್ಬೇಕಾಗಿತ್ತು."

ಅವನು ನಾಣ್ಯವನ್ನು ಅವಳ ಕಡೆಗೆ ಸರಿಸಿದ. ಅವಳು ವಾಪಸ್ ಸರಿಸಿದಳು. "ಇರಲಿ. ಎಲ್ರೂ ಕೊಡ್ತಾರಲ್ಲ." ಕಾಗದ ತೆಗೆದುಕೊಂಡು ಒಳಗೆ ಹೋದಳು.

ಅವಳು ಹೊರಗೆ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತು ಸತುರ್ನೀನೊ ಕಾಗದ ಕೊಡುತ್ತಲೇ ಇದ್ದ. ಬಂದಾಗ ಅವಳ ಮುಖ ತೊಳೆದಂತಿತ್ತು.

"ಎಲ್ಲ ನಲ್ಲೀನೂ ಸರಿಯಾಗಿ ಬರ್ತಿದೆ," ಎಂದಳು.

"ನಾನೇ ಸರಿ ಮಾಡಿದ್ದು. ಮೊದಲು ಬಕೆಟ್ಟಲ್ಲಿ ಹೊರ್ತಿದ್ರು." ಇನ್ನೊಂದು ಕಾಗದ ಮಡಿಸುತ್ತ ಹೇಳಿದ. "ನಲ್ಲಿ ರಿಪೇರಿ ದುಡ್ಡು ಅಂತ ನಿನಗೆ ಕೊಡ್ತಿದ್ದೆನಲ್ಲ, ಅದು ಪೂರ್ತಿ ಸುಳ್ಳಲ್ಲ."

"ನಾನು ಯಾವಳನ್ನೋ ಇಟ್ಕೊಂಡಿದೀಯ ಅಂದ್ಕೊಂಡಿದ್ದೆ. ಬ್ಲೀಚಿಂಗ್ ವಾಸನೆ."

"ಅಷ್ಟು ಬೆಳ್ಳುಳ್ಳಿ ಮಧ್ಯೆ ನಿಂಗೆ ಅದೂ ಗೊತ್ತಾಯ್ತಾ?"

"ಯಾವಳಾದ್ರೂ ಇದ್ದಿದ್ರೇ ವಾಸಿಯಾಗಿತ್ತು. ಒಂದು ಸಲ ಕಿರುಚಿ ಮುಗಿಸ್ಬಹುದಾಗಿತ್ತು. ಇದಕ್ಕೆ ಏನಂತ ಕಿರುಚಲಿ?"

ಸತುರ್ನೀನೊ ಬೂಟು ನೋಡುತ್ತ ಹೇಳಿದ. "ಮೂವತ್ತು ವರ್ಷ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗದ ಹಾಗೆ ಕಬ್ಬಿಣ ಕೊರೆದವನು ಎದೆಲ್ ನಾನು. ಸಂಜೆ ಮನೆಗೆ ಬಂದು, ಇವತ್ತು ಎಷ್ಟು ಜನ ಕಕ್ಕಸಿಗೆ ಬಂದಿದ್ರು ಅಂತ ನಿನಗೆ ಹೇಳ್ಬೇಕಾಗಿತ್ತಾ?"

"ಬೇಡಪ್ಪ," ಎಂದಳು. "ಸೂರಿನ ಕೆಳಗೆ ಕೂತಿದೀನಿ, ನೆನೀತಾ ಇಲ್ಲ ಅಂತ ಹೇಳಿದ್ರೆ ಸಾಕಾಗಿತ್ತು. ತುಂತುರು ಬಂದಾಗಲೆಲ್ಲ ಫುಟ್‌ಪಾತಲ್ಲಿ ನೆನೀತಿರ್ತೀಯ ಅಂತ..." ನನ್ನ ಕೈಯಿಂದ ಚೀಲ ಕಿತ್ತುಕೊಂಡಂತೆ ತೆಗೆದುಕೊಂಡು ಬೆಳ್ಳುಳ್ಳಿ ಕೊಡಬೇಕಾಗಿದ್ದ ಸಾಂಬಾರ ಪದಾರ್ಥದ ಅಂಗಡಿಯ ಕಡೆ ಹೋದಳು.

ನಾನು ಮೇಜಿನ ಪಕ್ಕದಲ್ಲಿ ತಲೆಕೆಳಗಾಗಿಟ್ಟ ಬಕೆಟ್ಟಿನ ಮೇಲೆ ಕೂತು, ಇಡೀ ಪ್ರಶ್ನೆಪಟ್ಟಿಯನ್ನು ಮೊದಲಿಂದ ಕೇಳಿದೆ. ಎರಡು ಪ್ರಶ್ನೆಗೊಮ್ಮೆ ಯಾರಾದರೂ ಬಂದು ನಾಣ್ಯ ಹಾಕುತ್ತಿದ್ದರು. ಅವನು ಹೇಳಿದ್ದ ಅರವತ್ತು ಗಂಟೆ ಸುಳ್ಳಾಗಿರಲಿಲ್ಲ. ದಿನ ದಿನವೂ ಲೆಕ್ಕ ಹಾಕಿದರೆ ಅರವತ್ತಾರು ಆಯಿತು. ಅವನ ಮೇಲೆ ನಾನು ಕನಿಕರ ತೋರಿಸಿದೆ ಎಂದುಕೊಂಡಿದ್ದೆ. ನಿಜವಾಗಿ ನಾನು ಅವನನ್ನು ನಂಬಿರಲಿಲ್ಲ, ಅಷ್ಟೇ. ಅದನ್ನು ಅವನಿಗೆ ಹೇಳಿದೆ.

"ಹೋಗಲಿ ಬಿಡಿ ಮೇಡಂ," ಎಂದ. "ನಾನೂ ಕೆಲಸದ ಹೆಸರು ಸುಳ್ಳೇ ಹೇಳಿದ್ನಲ್ಲ. ಈಗ ಏನಂತ ಬರೀತೀರಾ?"

"ಶೌಚಾಲಯದ ಉಸ್ತುವಾರಿ."

"ಮೊದಲು ಏನು ಮಾಡ್ತಿದ್ದೆ ಅಂತ ಬರೆಯೋಕೆ ಜಾಗ ಇಲ್ವಾ?"

ಇರಲಿಲ್ಲ. ಕೊನೆಯಲ್ಲಿ 'ಇತರೆ' ಎಂದು ಎರಡು ಗೆರೆಯ ಜಾಗವಿತ್ತು. ಅದನ್ನು ಯಾರೂ ಓದುವುದಿಲ್ಲವೆಂದು ಪಾಮೆಲಾಳೇ ಹೇಳಿದ್ದಳು. ಹಾಗೆಂದು ಅವನಿಗೂ ಹೇಳಿದೆ. "ಓದದಿದ್ರೂ ಪರವಾಗಿಲ್ಲ, ಬರೀರಿ," ಎಂದ. ಲೇತ್ ಟರ್ನರ್, ಮೂವತ್ತು ವರ್ಷ ಎಂದು ಬರೆದೆ. ಅವನು ಕತ್ತು ಚಾಚಿ ಅಕ್ಷರ ಅಕ್ಷರವಾಗಿ ಓದಿ ನೋಡಿದ.

ಪಾಮೆಲಾ ಹಾಳೆ ಒಪ್ಪಿಕೊಂಡಳು. ಅಕ್ಟೋಬರ್ ಕೊನೆಗೆ ನನ್ನ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಅವಳದ್ದನ್ನೂ ಮುಂದುವರಿಸಲಿಲ್ಲವೆಂದು ಆಮೇಲೆ ಗೊತ್ತಾಯಿತು. ಈಗ ನಾನು ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಪ್ಯಾಂಟಿನ ಅಂಚು ಮಡಿಸಿ ಕೊಡುತ್ತೇನೆ. ದಾರ ಕೊಳ್ಳಲು ಆ ಮಾರ್ಕೆಟ್ಟಿಗೇ ಹೋಗಬೇಕು.

ಎದೆಲ್ಮೀರಾ ಹತ್ತು ದಿನ ಗಂಡನ ಜೊತೆ ಮಾತಾಡಿರಲಿಲ್ಲವಂತೆ. ಹನ್ನೊಂದನೆಯ ದಿನ ಮೂಟೆಯನ್ನು ಗುಡ್ಡಕ್ಕೆ ಹೊರುವ ಬದಲು ಸ್ಟೂಲನ್ನೇ ಕೆಳಗೆ ತಂದು, ಸಾಂಬಾರ ಅಂಗಡಿಯ ಹಿಂಬಾಗಿಲಲ್ಲಿ ಸುಲಿಯಲು ಕೂತಳು. ಮುಂದುಗಡೆ ಮೂಟೆ ಕೊಟ್ಟು ಬರುವಾಗ ಕಾಣದಿದ್ದ ಹಿಂದಿನ ಗೇಟು ಅಲ್ಲಿಂದ ಕಾಣುತ್ತದೆ. ಮಧ್ಯಾಹ್ನ ಇಬ್ಬರೂ ಸರದಿಯಲ್ಲಿ ಒಂದೇ ತಟ್ಟೆಯ ಅನ್ನ, ಅಲಸಂದೆ ಸಾರು ತಿನ್ನುತ್ತಾರೆ. ಒಬ್ಬರಾದರೂ ಮೇಜಿನ ಹತ್ತಿರ ಇರಬೇಕಲ್ಲ.

ಹೋದ ಸೋಮವಾರ ನಾನು ಅವಳ ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದೆ. ದೂರದ ಅರೆಕಿಪಾ ಊರಿನಲ್ಲಿರುವ ಅವಳ ಮಗಳು ರೊಸಾಲ್ಬಾಳ ಫೋನ್ ಬಂತು. ಬೆರಳು ಬೆಳ್ಳುಳ್ಳಿಯ ರಸದಿಂದ ಅಂಟುತ್ತಿದ್ದುದರಿಂದ ಎದೆಲ್ಮೀರಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಳು.

"ನಿಮ್ಮಪ್ಪನಾ? ಕೆಲಸದಲ್ಲಿದಾರೆ ಕಣೇ," ಎಂದಳು. ಏನು ಕೆಲಸ ಎಂದು ಮಗಳು ಕೇಳಿದ್ದು ನನಗೂ ಕೇಳಿಸಿತು. ಅವಳು ಗೇಟಿನ ಕಡೆ ನೋಡಿದಳು. ಸತುರ್ನೀನೊ ಬಕೆಟ್ಟು ಹಿಡಿದು ಒಳಗೆ ಹೋಗುತ್ತಿದ್ದ.

"ನೀನೇ ಭಾನುವಾರ ಫೋನ್ ಮಾಡಿ ಕೇಳು," ಎಂದಳು. "ಅವರೇ ಹೇಳ್ತಾರೆ."